ಛೇದ ಕಲಿಸಿದ ಮೇಡಂ

ಮೂರನೇ ಕೋಣೆಯ ಛತ್ತು ಕುಸಿಯಬಹುದು. ಬಿಸಿಯೂಟದ ಸಾರಿನಲ್ಲಿ ಹಲ್ಲಿ ಬೀಳಬಹುದು. ಎಂಟನೆಯ ತರಗತಿಯ ಹುಡುಗರು ಮಧ್ಯಾಹ್ನದ ಬಿಡುವಿನಲ್ಲಿ ಕಾಲುವೆಗೆ ಈಜಲು ಹೋಗಬಹುದು, ಸಂಜೆ ಎಣಿಸಿದಾಗ ಒಂದು ತಲೆ ಕಡಿಮೆ ಬರಬಹುದು. ದಾಖಲೆಗಳ ಕಪಾಟಿಗೆ ಗೆದ್ದಲು ಹತ್ತಬಹುದು. ಪರೀಕ್ಷೆಯ ಪ್ರವೇಶಪತ್ರದಲ್ಲಿ ಹುಡುಗಿಯ ಹೆಸರಿನ ಪಕ್ಕ ಹುಡುಗನ ಫೋಟೋ ಅಚ್ಚಾಗಿ ಬರಬಹುದು. ಮೇಲಿನ ಸಾಹೇಬರು ಹೇಳದೆ ಕೇಳದೆ ಬರಬಹುದು, ಬಂದ ಹೊತ್ತಿಗೆ ಸರಿಯಾಗಿ ನಾನು ಬೀಗದ ಕೈ ಹುಡುಕುತ್ತಿರಬಹುದು. ನನ್ನ ಎಡಗೈ ಜುಮುಗುಟ್ಟುವುದು ಹೃದಯದ ದೆಸೆಯಿಂದ ಇರಬಹುದು. ಹೃದಯ ಅಲ್ಲದಿದ್ದರೆ ಅದಕ್ಕಿಂತ ಕೆಟ್ಟದ್ದು ಇನ್ನೇನೋ ಇರಬಹುದು.

ನಾನು ಹೇಳುತ್ತ ಹೋದೆ. ಎದುರಿಗೆ ಕೂತವರು ಒಂದೊಂದನ್ನೂ ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತ ಹೋದರು. ಬರೆಯುತ್ತಿದ್ದ ಕೈ ಮಣಿಕಟ್ಟಿನವರೆಗೆ ಬೆಳ್ಳಗಿತ್ತು, ಸುಣ್ಣದ ತಿಳಿಯಲ್ಲಿ ಅದ್ದಿ ತೆಗೆದ ಹಾಗೆ. ಅಲ್ಲಿಂದ ಮೇಲಕ್ಕೆ ತೋಳು ನಮ್ಮೆಲ್ಲರ ತೋಳಿನಂತೆ ಬಿಸಿಲಿಗೆ ಸುಟ್ಟ ಕಪ್ಪು. ಹೊಸದಾಗಿ ಸೇರಿದ ಮಕ್ಕಳು ಅದನ್ನು ಸೀಮೆಸುಣ್ಣ ಎಂದುಕೊಂಡು, ಗಣಿತದ ಮೇಡಂ ಕೈ ತೊಳೆಯುವುದೇ ಇಲ್ಲವಲ್ಲ ಎಂದು ಪಿಸುಗುಡುತ್ತಿದ್ದರು. ಪ್ರತಿ ವರ್ಷ ಮೊದಲ ಪಾಠದ ದಿನ ಮೇಡಂ ಎರಡೂ ಕೈ ಎತ್ತಿ ತೋರಿಸುತ್ತಿದ್ದರು. ‘ನೋಡ್ರಿ, ಇದು ತೊನ್ನು. ತೊಳದ್ರ ಹೋಗಂಗಿಲ್ಲ, ಮುಟ್ಟಿದ್ರ ಬರಂಗಿಲ್ಲ. ಈಗ ಲೆಕ್ಕಕ್ಕ ಬರೋಣು.’ ಅಷ್ಟೇ ಮುನ್ನುಡಿ.

ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿರುವ ಸರ್ಕಾರಿ ಹೈಸ್ಕೂಲೊಂದರಲ್ಲಿ ನಾನು ಗುಮಾಸ್ತ. ಮೇಡಂ ಸಗರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ನನಗಿಂತ ಐದಾರು ವರ್ಷ ದೊಡ್ಡವರು, ಮದುವೆ ಆಗಿರಲಿಲ್ಲ, ತಮ್ಮನ ಮನೆಯಲ್ಲಿದ್ದರು. ಬುತ್ತಿಯಲ್ಲಿ ಎರಡು ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಅದನ್ನು ಆಫೀಸಿನಲ್ಲಿ ನನ್ನ ಮೇಜಿನ ತುದಿಗೆ ಕೂತೇ ತಿನ್ನುತ್ತಿದ್ದರು. ಶಿಕ್ಷಕರ ಕೋಣೆಯಲ್ಲಿ ಯಾಕೆ ಕೂರುವುದಿಲ್ಲ ಎಂದು ನಾನು ಕೇಳಲಿಲ್ಲ. ಅಲ್ಲಿ ಒಬ್ಬರಿಬ್ಬರು ಅವರು ಮುಟ್ಟಿದ ನೀರಿನ ತಂಬಿಗೆ ಮುಟ್ಟುತ್ತಿರಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ನಾನು ಮುಟ್ಟುತ್ತಿದ್ದೆ, ಮುಟ್ಟಿದ ಮೇಲೆ ಒಂದು ವಾರ ನನ್ನ ಬೆರಳುಗಳನ್ನು ಬೆಳಕಿಗೆ ಹಿಡಿದು ನೋಡಿಕೊಳ್ಳುತ್ತಿದ್ದೆ. ಅದನ್ನು ಅವರು ಗಮನಿಸಿದ್ದರು. ‘ಬಂದದೇನ್ರಿ ಸಾಹೇಬ್ರ?’ ಎಂದು ಒಂದು ದಿನ ರೊಟ್ಟಿ ಮುರಿಯುತ್ತ ಕೇಳಿದರು. ಆಫೀಸಿನಲ್ಲಿ ಕೂತವರೆಲ್ಲ ನಮ್ಮ ಕಡೆ ಸಾಹೇಬರೇ.

ನಾಚಿಕೆಯಾಗಿ, ನನ್ನದು ಹುಟ್ಟು ಚಿಂತೆಯ ಸ್ವಭಾವ, ನೌಕರಿ ಸಿಕ್ಕ ಮೇಲೆ ಅದಕ್ಕೊಂದು ಕುರ್ಚಿಯೂ ಸಿಕ್ಕಿತು, ಎಂದೆಲ್ಲ ಹೇಳಿಕೊಂಡೆ. ಆಗಲೇ ಅವರು ಆ ನೋಟ್‌ಬುಕ್ಕು ತೆಗೆದದ್ದು, ನಾನು ಮೇಲಿನ ಪಟ್ಟಿ ಒಪ್ಪಿಸಿದ್ದು. ಬರೆದು ಮುಗಿಸಿ ಅದನ್ನು ಮೇಲಿನಿಂದ ಕೆಳಗೆ ಓದಿದರು.

‘ನಿಮ್ಮ ಚಿಂತ್ಯಾಗ ಅಂಶ ಅಷ್ಟ ಅದ ಸಾಹೇಬ್ರ. ಛೇದಾನೇ ಇಲ್ಲ.’

‘ಅಂದ್ರ?’

‘ಛತ್ತು ಬೀಳಬಹುದು ಅಂತೀರಿ. ಎಷ್ಟು ದಿನದಾಗ ಎಷ್ಟು ಸಲ ಬಿದ್ದದ? ಮ್ಯಾಲಿನ ಸಂಖ್ಯಾ ಅಷ್ಟೇ ಹಿಡಕೊಂಡು ಕುಂತೀರಿ, ತಳಗಿಂದು ಬರದೇ ಇಲ್ಲ. ಛೇದ ಇಲ್ಲದ ಲೆಕ್ಕ ಬಿಡಸಾಕ ಬರಂಗಿಲ್ಲ. ಬರೇ ಅಂಜಾಕ ಬರ್ತದ.’

ಹೀಗೆ ನಲವತ್ತಾರನೆಯ ವಯಸ್ಸಿನಲ್ಲಿ ನಾನು ಹತ್ತನೆಯ ತರಗತಿಯ ಸಂಖ್ಯಾಶಾಸ್ತ್ರ ಮತ್ತು ಸಂಭವನೀಯತೆಯ ಪಾಠಗಳಿಗೆ ಮತ್ತೆ ಕೂತೆ. ಶಾಲೆಯ ಕಾಲದಲ್ಲಿ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದು, ಮೂರನೆಯ ಸಲ ಕರುಣೆಯ ಮೇಲೆ ಪಾಸಾದವನು ನಾನು. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಮೇಡಂ ಬಸ್ಸು ಬರುವವರೆಗೆ ಒಂದು ತಾಸು ಅಭ್ಯಾಸ. ವಾರದಲ್ಲಿ ಬಂದ ಚಿಂತೆಗಳನ್ನು ನಾನು ಕೋಷ್ಟಕ ಹಾಕಿ ಬರೆಯಬೇಕು, ಒಂದೊಂದರ ಮುಂದೆ ಬಂದಷ್ಟು ಸಲ ಗೆರೆ, ನಾಲ್ಕು ಗೆರೆಯ ಮೇಲೆ ಐದನೆಯದು ಅಡ್ಡ. ಕೊನೆಯ ಕಾಲಂನಲ್ಲಿ, ನಿಜಕ್ಕೂ ಆಯಿತೋ ಇಲ್ಲವೋ. ಆ ಕಾಲಂ ಹೆಚ್ಚಾಗಿ ಖಾಲಿ ಇರುತ್ತಿತ್ತು. ಪಾಠದಲ್ಲಿ ‘ರೂಢಿಬೆಲೆ’ ಎಂಬ ಮಾತು ಬಂದಾಗ ಇದು ಯಾವ ಮಾರ್ಕೆಟ್ಟಿನ ಬೆಲೆ ಎಂದು ಕೇಳಿ ಬೈಸಿಕೊಂಡೆ.

‘ತೊಗರಿ ಮಾರಾಕ ಹೊಂಟೀರೇನು? ಎಲ್ಲಾದಕ್ಕಿಂತ ಹೆಚ್ಚು ಸಲ ಬಂದದ್ದು ಯಾವುದೋ ಅದು ರೂಢಿಬೆಲೆ. ನಿಮ್ಮ ಕೋಷ್ಟಕದಾಗ ಈ ತಿಂಗಳದು ಎಡಗೈ. ಹೋದ ತಿಂಗಳು ಛತ್ತು. ಸುಧಾರಸಾಕತ್ತೀರಿ.’

ತರಗತಿಯಲ್ಲಿ ಅವರು ನಾಣ್ಯ ಚಿಮ್ಮಿಸುತ್ತಿರಲಿಲ್ಲ. ಮಕ್ಕಳೆಲ್ಲ ಚೌಕಾಬಾರ ಆಡುವ ಹುಣಸೆಬೀಜ ತರಬೇಕು, ಒಂದು ಮೈ ಕಲ್ಲಿಗೆ ಉಜ್ಜಿ ಬಿಳಿ ಮಾಡಿದ್ದು. ನೂರು ಸಲ ಎಸೆಯಬೇಕು, ಬಿಳಿ ಎಷ್ಟು ಕಪ್ಪು ಎಷ್ಟು ಬರೆಯಬೇಕು. ಅರ್ಧಕ್ಕರ್ಧ ಎಂದೂ ಬರುತ್ತಿರಲಿಲ್ಲ. ‘ಪುಸ್ತಕದಾಗಿನ ನಾಣ್ಯ ನ್ಯಾಯದ್ದು. ನಮ್ಮೂರ ಬೀಜ ಯಾರು ಎಷ್ಟು ತಿಕ್ಕ್ಯಾರೋ ಅದರ ಮ್ಯಾಲ. ಅದಕ್ಕ ಮೊದಲ ಎಸದು ನೋಡ್ರಿ, ಆಮ್ಯಾಲ ಮಾತಾಡ್ರಿ.’

ಆ ವರ್ಷ ಬೀಜ ಎಸೆದು ತಪ್ಪಿಲ್ಲದೆ ಗೆರೆ ಹಾಕಿದವಳು ಒಬ್ಬಳು ಹುಡುಗಿ. ಉಳಿದವರಿಗಿಂತ ಅವಳು ದೊಡ್ಡವಳ ಹಾಗೆ ಕೂರುತ್ತಿದ್ದಳು. ಏಳನೆಯ ತರಗತಿ ಮುಗಿಸಿ ಮೂರು ವರ್ಷ ಶಾಲೆ ಬಿಟ್ಟು ಹತ್ತಿ ಬಿಡಿಸಲು ಹೋಗಿದ್ದಳು. ಮೇಡಂ ಅವಳ ಊರಿಗೆ ನಾಲ್ಕು ಸಲ ತಿರುಗಿ ವಾಪಸ್ ಕರೆತಂದಿದ್ದರು. ಹತ್ತಿಕಾಯಿಯ ಸಿಪ್ಪೆ ಕೊರೆದು ಬೆರಳ ತುದಿಗಳು ಒರಟಾಗಿದ್ದವು. ಲೆಕ್ಕ ಅವಳಿಗೆ ಬೇಗ ಹತ್ತುತ್ತಿತ್ತು. ಸಂಚಿತ ಆವೃತ್ತಿಯ ನಕ್ಷೆ, ಪುಸ್ತಕದಲ್ಲಿ ಓಜೀವ್ ಎನ್ನುತ್ತಾರಲ್ಲ, ಅದನ್ನು ಅವಳು ಎಳೆದರೆ ರೇಖೆ ಎಲ್ಲೂ ನಡುಗುತ್ತಿರಲಿಲ್ಲ. ನಾನು ಎಳೆದ ಓಜೀವ್ ನೋಡಿ ಮೇಡಂ, ‘ಇದು ಗುಡ್ಡ ಹತ್ತೋ ಎಮ್ಮಿ ಆಗ್ಯಾದ, ಆ ಹುಡುಗಿ ಕಡಿ ಹೋಗಿ ಕಲ್ಕೊಂಡು ಬರ್ರಿ’ ಎಂದಿದ್ದರು. ಹೋಗಿ ಕಲಿತೆ ಕೂಡ. ‘ಬಿಂದುಗಳ್ನ ಸ್ಕೇಲ್ ಇಟ್ಟು ಸೇರಸಬ್ಯಾಡ್ರಿ ಸರ್, ಕೈಲೆ ಸೇರಸ್ರಿ’ ಎಂದು ಅವಳು ತಗ್ಗಿದ ದನಿಯಲ್ಲಿ ಹೇಳಿಕೊಟ್ಟಳು.

ಅವಳ ಅಪ್ಪ ಮೊದಲ ಸಲ ಶಾಲೆಗೆ ಬಂದದ್ದು ಜಗಳಕ್ಕೆ. ಕೂಲಿ ಮನುಷ್ಯ, ಗಟ್ಟಿ ದನಿ.

‘ಮೇಡಂರಿ, ನನ ಮಗಳು ಮನ್ಯಾಗ ಇಸ್ಪೀಟ ಎಲಿ ಲೆಕ್ಕ ಕೇಳಾಕತ್ತಾಳ. ಕೆಂಪು ರಾಜ ಎಷ್ಟು, ಕರೇ ರಾಣಿ ಎಷ್ಟು ಅಂತ. ಇದೇನು ಸಾಲಿ ಏನ್ರಿ, ಕ್ಲಬ್ಬೇನ್ರಿ?’

‘ನೀವು ಏನು ಹೇಳಿದ್ರಿ?’

‘ಎರಡು ಕೆಂಪು ರಾಜ, ಎರಡು ಕರೇ ರಾಣಿ ಅಂದೆ. ಎಲಿ ಐವತ್ತೆರಡು.’

‘ಒಂದೂ ತಪ್ಪಿಲ್ಲ. ಮನ್ಯಾಗೊಬ್ಬ ಗಣಿತದ ಮಾಸ್ತರ ಇದ್ದಾನ ಅಂತ ನನಗ ಗೊತ್ತೇ ಇರಲಿಲ್ಲ ನೋಡ್ರಿ.’

ಆತ ಮೊದಲು ಪೆಚ್ಚಾದ, ಆಮೇಲೆ ನಕ್ಕ, ನನ್ನ ಮೇಜಿನ ಮೇಲಿದ್ದ ಚಹಾ ಕುಡಿದು ಹೋದ. ಅದು ನನಗೆ ತಂದಿದ್ದ ಚಹಾ. ಅವತ್ತಿನಿಂದ ದಾರಿಯಲ್ಲಿ ಕಂಡರೆ ಮೇಡಂಗೆ ಕೈ ಮುಗಿಯುತ್ತಿದ್ದ.

ದೀಪಾವಳಿ ರಜೆ ಮುಗಿದು ಶಾಲೆ ಶುರುವಾದ ಮೇಲೆ ಮೇಡಂ ದತ್ತಾಂಶ ಕಲೆಹಾಕುವ ಪಾಠಕ್ಕೆ ಹುಟ್ಟಿದ ದಿನಾಂಕಗಳನ್ನು ಹಿಡಿದರು. ಒಂದು ತರಗತಿಯಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಸಾಧ್ಯತೆ ಎಷ್ಟು ಎಂಬುದು ಪ್ರಶ್ನೆ. ನನ್ನಿಂದ ದಾಖಲಾತಿ ರಿಜಿಸ್ಟರ್ ಇಸಿದುಕೊಂಡು ಹೋಗಿ ಎಲ್ಲರ ತಾರೀಖು ಬೋರ್ಡಿನ ಮೇಲೆ ಬರೆಸಿದರು. ನಲವತ್ತೊಂದು ಮಕ್ಕಳಲ್ಲಿ ಇಪ್ಪತ್ತೊಂಬತ್ತು ಮಂದಿ ಹುಟ್ಟಿದ್ದು ಜೂನ್ ಒಂದರಂದು. ಹೊರಗೆ ವರಾಂಡದಲ್ಲಿ ನಿಂತಿದ್ದ ನಾನು ನಕ್ಕೆ, ಯಾಕೆಂದರೆ ನಾನೂ ಜೂನ್ ಒಂದು. ಹೆಡ್ ಮಾಸ್ತರರೂ ಜೂನ್ ಒಂದು. ಮೇಡಂ ಬೋರ್ಡಿನ ಕಡೆ ತಿರುಗಿ ಆ ಪಟ್ಟಿಯ ತಳಕ್ಕೆ ಇನ್ನೊಂದು ಗೆರೆ ಎಳೆದರು, ತಮ್ಮದು.

ನಮ್ಮ ಕಡೆ ಇದೇನು ವಿಶೇಷವಲ್ಲ. ಹೆರಿಗೆ ಮನೆಯಲ್ಲಿ, ತಾರೀಖು ಯಾರ ತಲೆಯಲ್ಲೂ ಇಲ್ಲ. ಮಗುವನ್ನು ಶಾಲೆಗೆ ಕರೆತಂದ ದಿನ ಮಾಸ್ತರರು ಅದರ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುವುದು. ಮುಟ್ಟಿದರೆ ಆರು ವರ್ಷ ತುಂಬಿತು, ಜೂನ್ ಒಂದು ಎಂದು ಬರೆಯುವುದು. ಅಕ್ಕನ ಬೆನ್ನಿಗೆ ಬಂದ ನಾಲ್ಕೂವರೆ ವರ್ಷದ್ದೂ ಶಾಲೆಯ ಸಂಖ್ಯೆಗೆ ಬೇಕು ಅನ್ನಿಸಿದರೆ ಅದರ ತಲೆ ಸ್ವಲ್ಪ ಬಗ್ಗಿಸಿ ಕಿವಿ ಮುಟ್ಟಿಸುವುದು. ಯಾರೂ ಯಾರಿಗೂ ಮೋಸ ಮಾಡಿದ್ದಲ್ಲ. ಹೊಲದ ಕೆಲಸಕ್ಕೆ ಹೋಗುವ ತಾಯಿಗೂ ಅನುಕೂಲ, ಮಾಸ್ತರಿಗೂ ಅನುಕೂಲ.

‘ಇದು ನಿಮ್ಮ ದತ್ತಾಂಶ ಅಲ್ಲ, ಮಾಸ್ತರರ ದತ್ತಾಂಶ,’ ಎಂದು ಮೇಡಂ ಮಕ್ಕಳಿಗೆ ಹೇಳಿದರು. ‘ಮನಿಗೆ ಹೋಗಿ ಅವ್ವನ್ನ ಕೇಳ್ಕೊಂಡು ಬರ್ರಿ. ತಾರೀಖು ಕೇಳಬ್ಯಾಡ್ರಿ, ಅವಾಗ ಏನು ನಡದಿತ್ತು ಅದು ಕೇಳ್ರಿ.’

ಮೂರು ದಿನ ಉತ್ತರಗಳು ಬಂದವು. ತೊಗರಿ ರಾಶಿ ನಡೆದಾಗ. ಮೊಹರಮ್ಮಿಗೆ ಅಲಾಯಿ ಬೆಂಕಿಯ ಕುಣಿ ತೋಡಿದ ದಿನ. ಕಾಲುವೆ ಒಡೆದು ಗದ್ದೆಗೆ ನೀರು ನುಗ್ಗಿದ ಮರುದಿನ. ಆ ಹುಡುಗಿ ಬರೆದುಕೊಂಡು ಬಂದದ್ದು ಹೀಗಿತ್ತು: ‘ಊರಿನ ನೀರಿನ ಟಾಕಿಗೆ ಮೊದಲ ಸಲ ನೀರು ಏರಿಸಿದ ವಾರ. ಅಕ್ಕನಿಗೆ ಎರೆದದ್ದು ಬಾವಿ ನೀರು, ನನಗೆ ಎರೆದದ್ದು ನಳದ ನೀರು.’ ಟಾಕಿಯ ಕಂಬಕ್ಕೆ ತಿಂಗಳು ವರ್ಷ ಕೆತ್ತಿದ ಕಲ್ಲು ಇತ್ತು, ಅದನ್ನೂ ನೋಡಿಕೊಂಡು ಬಂದಿದ್ದಳು. ಮೇಡಂ ದೊಡ್ಡ ಹಾಳೆಯ ಮೇಲೆ ಎರಡು ಕಾಲಂ ಮಾಡಿಸಿದರು, ಒಂದು ರಿಜಿಸ್ಟರಿನ ವಯಸ್ಸು, ಒಂದು ಅವ್ವನ ವಯಸ್ಸು. ರಿಜಿಸ್ಟರಿನಲ್ಲಿ ಆ ಹುಡುಗಿಗೆ ಹದಿನೆಂಟು ತುಂಬಿತ್ತು. ಅವ್ವನ ಲೆಕ್ಕದಲ್ಲಿ ಹದಿನಾರು. ಹಾಳೆ ಗೋಡೆಗೆ ಅಂಟಿತು, ಎಲ್ಲರೂ ನೋಡಿ ನಕ್ಕರು, ಪಾಠ ಮುಂದಕ್ಕೆ ಹೋಯಿತು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳ ಅಪ್ಪ ಆಫೀಸಿಗೆ ಬಂದ. ಈ ಸಲ ದನಿ ಮೆತ್ತಗಿತ್ತು.

‘ಸಾಹೇಬ್ರ, ಹುಡುಗಿದು ಒಂದು ಕಾಗದ ಬೇಕಾಗಿತ್ತು. ಹುಟ್ಟಿದ ತಾರೀಖು ಇರೋದು.’

ನಿಜ ಹೇಳುತ್ತೇನೆ, ನನ್ನೊಳಗೆ ಒಂದು ಚಿಂತೆ ತಲೆ ಎತ್ತಿತು. ಪರೀಕ್ಷೆಗೆ ಎರಡು ತಿಂಗಳಿರುವಾಗ ಈತನಿಗೆ ಇದು ಯಾಕೆ ಎಂದು. ಮೊದಲಿನ ನಾನಾಗಿದ್ದರೆ ಹತ್ತು ಪ್ರಶ್ನೆ ಕೇಳಿ, ನಾಳೆ ಬಾ ಎಂದು ಕಳಿಸಿ, ರಾತ್ರಿ ನಿದ್ದೆಗೆಡುತ್ತಿದ್ದೆ. ಈಗ ನಾನು ಕಲಿತವನು. ಈ ವರ್ಷ ಇಂಥ ಕಾಗದ ಎಷ್ಟು ಕೊಟ್ಟೆ? ಎಂಬತ್ತರ ಸುಮಾರು. ಎಷ್ಟರಲ್ಲಿ ತಕರಾರು ಬಂತು? ಸೊನ್ನೆ. ಎಂಬತ್ತರಲ್ಲಿ ಸೊನ್ನೆ ಎಂದರೆ ಸೊನ್ನೆ. ಚಿಂತೆ ಹಾಗೇ ಮುದುಡಿಕೊಂಡು ಕೂತಿತು. ಹೆಸರಿನ ಕಾಗುಣಿತವನ್ನು ಮೂರು ಸಲ ತಾಳೆ ನೋಡಿದೆ, ಮೊಹರು ಸೊಟ್ಟಗಾಗದಂತೆ ಒತ್ತಿದೆ, ಹೆಡ್ ಮಾಸ್ತರರ ಸಹಿ ಹಾಕಿಸಿದೆ. ಕಾಲು ತಾಸಿನಲ್ಲಿ ಮುಗಿಯಿತು. ‘ಇಷ್ಟು ಲಗೂ ಎಲ್ಲಿ ಆಗ್ತದ್ರಿ ಸರ್ಕಾರಿ ಕೆಲಸ,’ ಎಂದು ಆತ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಚಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡ. ನನಗೆ ಹೆಮ್ಮೆಯಾಯಿತು.

ಆ ಶನಿವಾರ ನನ್ನ ಕೋಷ್ಟಕದಲ್ಲಿ ಮೂರೇ ಚಿಂತೆಗಳಿದ್ದವು. ‘ಶಹಬ್ಬಾಸ್,’ ಎಂದರು ಮೇಡಂ.

ಹತ್ತು ದಿನಕ್ಕೆ ಹುಡುಗಿಯ ಜಾಗ ಖಾಲಿಯಾಯಿತು. ಎರಡು ದಿನ ನೋಡಿ ಮೇಡಂ ಪಕ್ಕದಲ್ಲಿ ಕೂರುವವಳನ್ನು ಕೇಳಿದರು. ‘ಅರಿಷಿಣ ಹಚ್ಯಾರ್ರಿ ಮೇಡಂ,’ ಎಂದಳು ಅವಳು. ಮದುವೆ ಮರುದಿನ, ಗಂಡಿನ ಊರು ಕಕ್ಕೇರಾ ಕಡೆ.

ಮೇಡಂ ನನ್ನ ಆಫೀಸಿನಿಂದಲೇ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದರು. ಗೋಡೆಯ ಹಾಳೆಯನ್ನು ಬಿಡಿಸಿ ಸುರುಳಿ ಸುತ್ತಿಕೊಂಡರು. ನನ್ನ ಮೋಟಾರ್ ಸೈಕಲ್ಲಿನ ಹಿಂದೆ ಕೂತರು. ಅಷ್ಟು ಹೊತ್ತಿಗೆ ನನಗೆ ಒಳಜೇಬಿನ ಕಾಗದ ನೆನಪಾಗಿತ್ತು. ದಾರಿಯುದ್ದಕ್ಕೂ ಹೇಳಬೇಕು ಎಂದುಕೊಂಡೆ, ಹೇಳಲಿಲ್ಲ. ಬೇರೆ ಯಾವುದಕ್ಕೋ ಒಯ್ದಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಛೇದ ದೊಡ್ಡದಿದೆ ಎಂದುಕೊಂಡೆ.

ಮನೆಯ ಮುಂದೆ ಚಪ್ಪರ ಎದ್ದಿತ್ತು. ಇಲಾಖೆಯ ಜೀಪು ನಮ್ಮ ಹಿಂದೆಯೇ ಬಂತು. ಇಳಿದ ಅಧಿಕಾರಿ ಹೆಣ್ಣುಮಗಳು, ಅವತ್ತು ಅದು ಅವರಿಗೆ ಮೂರನೆಯ ಊರಂತೆ, ಮುಖ ದಣಿದಿತ್ತು. ಅಪ್ಪ ಒಳಜೇಬಿಗೆ ಕೈ ಹಾಕಿದ. ಪ್ಲಾಸ್ಟಿಕ್ ಚೀಲ ಬಂತು, ಮಡಿಕೆ ಬಿಚ್ಚಿತು. ಅಕ್ಷರ ನನ್ನದು. ನನ್ನ ಅಕ್ಷರ ದುಂಡಗಿದೆ ಎಂದು ಎಲ್ಲರೂ ಹೊಗಳುತ್ತಾರೆ. ದೂರದಿಂದಲೂ ಓದಲು ಬರುತ್ತದೆ.

‘ಹದಿನೆಂಟು ತುಂಬಿ ಏಳು ತಿಂಗಳಾಗ್ಯಾವಲ್ರಿ ಮೇಡಂ,’ ಎಂದರು ಅಧಿಕಾರಿ.

ಮೇಡಂ ಹಾಳೆ ಬಿಚ್ಚಿದರು. ಟಾಕಿ ತೋರಿಸಿದರು, ಅಲ್ಲಿಂದಲೇ ಕಾಣುತ್ತಿತ್ತು. ಕಲ್ಲಿನ ಮೇಲೆ ತಿಂಗಳು ವರ್ಷ ಇದೆ, ಎಣಿಸಿ ನೋಡಿರಿ ಎಂದರು. ಅಧಿಕಾರಿ ಹಾಳೆಯನ್ನು ಪೂರ್ತಿ ಓದಿದರು, ಸುಳ್ಳು ಹೇಳಬಾರದು. ‘ನಾನು ನಂಬ್ತೀನ್ರಿ. ಆದ್ರ ಇದು ಹುಡುಗ್ರ ಪ್ರಾಜೆಕ್ಟು. ಸಾಲಿ ಕಾಗದ ಇರುವಾಗ ನನ್ನ ಕೈಲೆ ಏನೂ ನಡ್ಯಂಗಿಲ್ಲ. ತಾಯಿ ಹೇಳಿಕಿ ಕೊಟ್ರ ಬರಕೊಳ್ತೀನಿ.’

ತಾಯಿ ಬಾಗಿಲ ಬಳಿ ನಿಂತಿದ್ದಳು, ಕೈ ಅರಿಶಿನದ್ದು.

‘ನಳದ ನೀರಿಲೇ ಎರದದ್ದು ಅಂತ ನೀವೇ ಹೇಳಿದ್ರಂತಲ್ಲವ್ವ,’ ಎಂದರು ಮೇಡಂ.

ಆಕೆ ಗಂಡನನ್ನು ನೋಡಲಿಲ್ಲ. ಟಾಕಿಯನ್ನೂ ನೋಡಲಿಲ್ಲ. ‘ನನಗ ನೆನಪಿಲ್ರಿ,’ ಎಂದಳು.

‘ಹಿರಿ ಮಗಳಿಗೆ ಬಾವಿ ನೀರು, ಈಕಿಗೆ…’

‘ಹುಡುಗಿ ಏನರೆ ಬರದಿರ್ತಾಳ್ರಿ. ನನಗ ನೆನಪಿಲ್ಲ.’

ಆಗ ಅಪ್ಪ ಮಾತಾಡಿದ. ಜಗಳದ ದನಿಯಲ್ಲ, ಬೇಡಿಕೊಳ್ಳುವ ದನಿ. ‘ಮೇಡಂರಿ, ವರಾ ಚಲೋ ಅದ. ಕುಡಿಯಂಗಿಲ್ಲ, ದುಡೀತಾನ. ಇವತ್ತ ಬಿಟ್ರ ನಾಳೆ ಇಂಥಾದು ಸಿಗ್ತದಂತ ಏನು ಗ್ಯಾರಂಟಿ?’

‘ಸಿಗ್ತದ. ಹುಡುಗಿ ಶಾಣ್ಯಾಕಿ ಅದಾಳ. ಕಲೀಲಿ.’

‘ನೀವೂ ಶಾಣ್ಯಾರೇ ಅದೀರಿ. ನಿಮಗ ಸಿಕ್ತನ್ರಿ?’

ಹೇಳಿದ ಮೇಲೆ ಅವನ ಕಣ್ಣು ಮೇಡಂ ಕೈಗಳ ಮೇಲೆ ಹೋಯಿತು, ಚಪ್ಪರದಡಿಯ ಎಲ್ಲರ ಕಣ್ಣೂ ಹೋಯಿತು. ಮೇಡಂ ಹಾಳೆ ಸುತ್ತುವುದನ್ನು ನಿಲ್ಲಿಸಲಿಲ್ಲ. ‘ನನ್ನ ಒಬ್ಬಾಕಿನ್ನ ಹಿಡದು ಸರಾಸರಿ ತಗೀಬ್ಯಾಡ್ರಿ,’ ಎಂದರು. ಆತ ತಲೆ ತಗ್ಗಿಸಿದ. ಆದರೆ ಕಾಗದವನ್ನು ಮಡಚಿ ಮತ್ತೆ ಒಳಜೇಬಿಗೆ ಇಟ್ಟುಕೊಂಡ.

ಅಧಿಕಾರಿ ಹುಡುಗಿಯನ್ನು ಹೊರಗೆ ಕರೆಸಿ ಒಪ್ಪಿಗೆ ಇದೆಯೇ ಎಂದು ಕೇಳಿದರು. ಮುಖವೆಲ್ಲ ಹಳದಿ, ಕಣ್ಣು ಮಾತ್ರ ಅವಳವು. ‘ನಾ ಪರೀಕ್ಷಾ ಬರದು ಹೋಗ್ತೀನ್ರಿ,’ ಎಂದಳು.

‘ಬರೀಲಿ. ಯಾರು ಬ್ಯಾಡಂದಾರ?’ ಎಂದ ಅಪ್ಪ. ಅಧಿಕಾರಿ ಆ ಮಾತನ್ನು ಬರೆದುಕೊಂಡು ಆತನ ಸಹಿ ಹಾಕಿಸಿಕೊಂಡರು. ಜೀಪು ಹೋಯಿತು.

ವಾಪಸ್ ಬರುವಾಗ ಮೇಡಂ ಹಾಳೆಯ ಸುರುಳಿಯನ್ನು ಮಡಿಲಲ್ಲಿ ಹಿಡಿದು ಕೂತಿದ್ದರು. ಬಸ್ ನಿಲ್ದಾಣದಲ್ಲಿ ಇಳಿದ ಮೇಲೆ ಕೇಳಿದರು.

‘ಕಾಗದ ಯಾಕ ಬೇಕು ಅಂತ ಕೇಳಿದ್ರ್ಯಾ?’

‘ಇಲ್ರಿ.’

‘ನೀವು? ಕೇಳಲಿಲ್ಲ?’

ಅವರು ಅದನ್ನು ನಂಬಲಾರದೆ ಕೇಳಿದರು. ಒಂದು ಸೂಜಿ ಬಿದ್ದರೂ ಮೂರು ಸಲ ವಿಚಾರಿಸುವ ಮನುಷ್ಯ ನಾನು. ಆಗ ಎಲ್ಲ ಹೇಳಿದೆ, ಎಂಬತ್ತು, ಸೊನ್ನೆ, ಮುದುಡಿ ಕೂತ ಚಿಂತೆ. ಹೇಳುತ್ತ ಹೇಳುತ್ತ ಅವರ ಮುಖ ನೋಡಿದೆ. ಅಷ್ಟು ಹೊತ್ತು ಚಪ್ಪರದಲ್ಲಿ ಏನೂ ಆಗದಿದ್ದ ಮುಖ ಅಲ್ಲಿ ಕುಸಿಯಿತು.

‘ನಿಮಗ ಛೇದ ಕಲಿಸಿದಾಕಿ ನಾನ,’ ಎಂದರು ಕೊನೆಗೆ. ‘ಎಂಬತ್ತರಾಗ ಒಂದು ಅಂದ್ರ ಸಣ್ಣದು, ಖರೆ. ಆದ್ರ ಮ್ಯಾಲಿನ ಆ ಒಂದು ಅನ್ನೋದು ಒಂದು ಹುಡುಗಿ ಇರ್ತದಲ್ಲ ಸಾಹೇಬ್ರ. ಅದು ಹೇಳೋದು ಬಿಟ್ಟೆ ನಾ.’

ಬಸ್ಸು ಬಂತು. ಹತ್ತಿ ಹೋದರು. ನನ್ನನ್ನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಗಣಿತದ ಪರೀಕ್ಷೆಯ ದಿನ ಹುಡುಗಿಯ ಪ್ರವೇಶಪತ್ರ ಹಿಡಿದು ಮೇಡಂ ಗೇಟಿನ ಬಳಿ ನಿಂತಿದ್ದರು. ಎರಡನೆಯ ಗಂಟೆ ಹೊಡೆದ ಮೇಲೂ ನಿಂತಿದ್ದರು. ಗೇಟು ಹಾಕಬೇಕಾದ ಜವಾನ ಅವರ ಮುಖ ನೋಡಿ ಬೀಗ ಹಿಡಿದುಕೊಂಡು ಸುಮ್ಮನೆ ಪಕ್ಕದಲ್ಲಿ ನಿಂತ. ಹುಡುಗಿ ಬರಲಿಲ್ಲ. ಪ್ರವೇಶಪತ್ರದಲ್ಲಿ ಫೋಟೋ ಸರಿಯಾಗಿ ಅವಳದ್ದೇ ಬಂದಿತ್ತು.

ಮಳೆಗಾಲದಲ್ಲಿ ಮೇಡಂ ಒಬ್ಬರೇ ಕಕ್ಕೇರಾ ಕಡೆಯ ಆ ಊರಿಗೆ ಹೋಗಿ ಬಂದರು. ನನ್ನನ್ನು ಕರೆಯಲಿಲ್ಲ. ಬಂದ ಮರುದಿನ ರೊಟ್ಟಿಯ ಗಂಟು ಬಿಚ್ಚದೆ ಕೂತು ಹೇಳಿದರು. ಹುಡುಗಿ ಐದು ತಿಂಗಳ ಬಸಿರಿ, ರಕ್ತ ಕಡಿಮೆ ಎಂದು ನರ್ಸಮ್ಮ ಹೇಳಿದ್ದಾರೆ, ಸಸಿ ನಾಟಿಗೆ ಹೋಗುತ್ತಿದ್ದಾಳೆ. ಅತ್ತೆ ಕೆಟ್ಟವಳಲ್ಲ, ಚಹಾ ಕೊಟ್ಟಳು. ಹುಡುಗಿ ಕಂಬಕ್ಕೆ ಒರಗಿ ನಿಂತಿದ್ದಳು, ಮನೆಯದು ಊರಿನದು ಏನೂ ಮಾತಾಡಲಿಲ್ಲ. ಹೊರಡುವಾಗ ಹೊಸ್ತಿಲವರೆಗೆ ಬಂದು ಒಂದೇ ಕೇಳಿದಳಂತೆ.

‘ಮೇಡಂ, ಪರೀಕ್ಷ್ಯಾಗ ಓಜೀವ್ ಬಂದಿತ್ತೇನ್ರಿ?’

‘ಏನಂದ್ರಿ ನೀವು?’ ಎಂದೆ ನಾನು.

‘ಬಂದಿತ್ತವ್ವ ಅಂದೆ. ಬಂದಿತ್ತಲ್ಲ.’

ದೀಪಾವಳಿಯ ಹೊತ್ತಿಗೆ ಅವಳಿಗೆ ಹೆರಿಗೆಯಾಗಿ ಕೂಸು ಉಳಿಯಲಿಲ್ಲ ಎಂದು ಸುದ್ದಿ ಬಂತು. ಹುಡುಗಿ ಉಳಿದಳು. ಮತ್ತೆ ಹತ್ತಿ ಬಿಡಿಸಲು ಹೋಗುತ್ತಾಳೆ ಎಂದು ಯಾರೋ ಹೇಳಿದರು.

ಶನಿವಾರದ ಅಭ್ಯಾಸ ತಾನಾಗಿಯೇ ನಿಂತಿತ್ತು. ಮೇಡಂ ಈಗಲೂ ನನ್ನ ಮೇಜಿನ ತುದಿಗೇ ಊಟಕ್ಕೆ ಕೂರುತ್ತಿದ್ದರು, ಒಂದು ರೊಟ್ಟಿ ಉಳಿಸುತ್ತಿದ್ದರು. ಕಾಲು ಬಾತು ಚಪ್ಪಲಿ ಹಿಡಿಯದಂತಾದವು. ಮೂತ್ರಪಿಂಡ ಕೆಟ್ಟಿದೆ ಎಂದು ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ವಾರಕ್ಕೆ ಎರಡು ಸಲ ಕಲಬುರಗಿಗೆ ಹೋಗಿ ರಕ್ತ ಶುದ್ಧಿ ಮಾಡಿಸಿಕೊಳ್ಳಬೇಕಾಯಿತು. ಡಾಕ್ಟರು ಏನೋ ಒಂದು ಶೇಕಡಾ ಹೇಳಿ ಧೈರ್ಯ ಕೊಟ್ಟರಂತೆ. ‘ಯಾರನ್ನ ಎಣಿಸಿ ಹೇಳಾಕತ್ತೀರಿ ಡಾಕ್ಟ್ರ? ಅವರೊಳಗ ಸಗರದಾಗಿಂದ ಬಸ್ಸಿಗೆ ಬರೋರು ಎಷ್ಟು ಮಂದಿ ಇದ್ರು?’ ಎಂದು ಇವರು ಕೇಳಿದರಂತೆ. ಅವರ ತಮ್ಮ ಇದನ್ನು ಹೇಳಿ ನಕ್ಕ, ನಗುತ್ತಲೇ ಅತ್ತ.

ಕೊನೆಯ ಸಲ ಆಸ್ಪತ್ರೆಯಲ್ಲಿ ನೋಡಿದಾಗ ತೋಳೆಲ್ಲ ಸೂಜಿ ಚುಚ್ಚಿ ಕಂದಿತ್ತು, ಕೈ ಮಾತ್ರ ಹಾಗೇ ಬೆಳ್ಳಗೆ ಹಾಸಿಗೆಯ ಮೇಲಿತ್ತು.

‘ನೋಟ್‌ಬುಕ್ಕು ಬರೀತೀರೇನು?’

‘ಬಿಟ್ಟೀನ್ರಿ ಮೇಡಂ.’

‘ಅಂಜೋದು?’

‘ಅದು ಬಿಟ್ಟಿಲ್ರಿ.’

‘ಬಿಡಬ್ಯಾಡ್ರಿ. ನಿಮಗ ಅದು ಒಗ್ತದ,’ ಎಂದರು. ಮತ್ತೆ, ‘ನಿಮ್ಮ ಅಂಜಿಕಿ ಕೆಡಿಸಬಾರದಿತ್ತು ನಾ,’ ಎಂದರು. ಮೂಸಂಬಿ ಸುಲಿದು ಇಟ್ಟೆ, ಅವರು ತಿನ್ನುವಂತಿರಲಿಲ್ಲ ಎಂಬುದು ಆಮೇಲೆ ನೆನಪಾಯಿತು.

ಯುಗಾದಿಗೆ ನಾಲ್ಕು ದಿನ ಮೊದಲು ತೀರಿಕೊಂಡರು. ಸಗರದಲ್ಲಿ ಮಣ್ಣು ಮಾಡಿದರು. ಶಾಲೆಯ ಮಕ್ಕಳು ಎರಡು ಟಂಟಂ ಆಟೋ ತುಂಬಿ ಬಂದಿದ್ದರು. ದಾರಿಯಲ್ಲಿ ಟಂಟಂ ಮಗುಚಬಹುದು ಎಂದು ನಾನು ಹಿಂದೆ ಹಿಂದೆ ಮೋಟಾರ್ ಸೈಕಲ್ ಓಡಿಸಿದೆ. ಮಗುಚಲಿಲ್ಲ. ಆ ಹುಡುಗಿಗೆ ಸುದ್ದಿ ಮುಟ್ಟಿತೋ ಇಲ್ಲವೋ ಗೊತ್ತಿಲ್ಲ. ಮುಟ್ಟಿಸಬೇಕಾದವನು ನಾನೇ ಇರಬಹುದು, ಹೋಗುವ ಮುಖ ನನಗಿರಲಿಲ್ಲ.

ಈಗ ನನ್ನ ಬಳಿ ಕಾಗದ ಕೇಳಲು ಬಂದವರು ಬೇಸತ್ತು ಹೋಗುತ್ತಾರೆ. ಯಾಕೆ ಬೇಕು, ಯಾರು ಕೇಳಿದರು, ಹುಡುಗಿ ಮನೆಯಲ್ಲಿದ್ದಾಳೋ, ನಾಳೆ ಅವಳನ್ನೇ ಕಳಿಸು. ‘ಏನ್ರಿ ಸಾಹೇಬ್ರ, ಪೊಲೀಸ್ರಕಿಂತ ಹೆಚ್ಚಾತು ನಿಮ್ಮದು,’ ಎನ್ನುತ್ತಾರೆ. ಹೆಚ್ಚಾಗಲಿ.

ಆ ಪ್ರಮಾಣಪತ್ರದ ಕಚೇರಿ ಪ್ರತಿ ಕಪಾಟಿನಲ್ಲೇ ಇದೆ. ಮೊನ್ನೆ ತೆಗೆದು ಮತ್ತೊಮ್ಮೆ ನೋಡಿದೆ. ಹುಡುಗಿಯ ಹೆಸರು ಸರಿ, ಅಪ್ಪನ ಹೆಸರು ಸರಿ, ಊರು ಸರಿ, ದಾಖಲಾತಿ ನಂಬರು ಸರಿ, ಹುಟ್ಟಿದ ತಾರೀಖು ರಿಜಿಸ್ಟರಿನಲ್ಲಿ ಇದ್ದಂತೆಯೇ ಅಂಕಿಯಲ್ಲಿ ಮತ್ತು ಅಕ್ಷರದಲ್ಲಿ. ಮೊಹರು ನೆಟ್ಟಗಿದೆ. ಕೆಳಗೆ, ಸಹಿಗಿಂತ ತುಸು ಮೇಲೆ, ‘ಯಾವ ಉದ್ದೇಶಕ್ಕಾಗಿ’ ಎಂದು ಅಚ್ಚಾದ ಒಂದು ಸಾಲಿದೆ. ಅದರ ಮುಂದೆ ನಾನು ಒಂದು ಅಡ್ಡಗೆರೆ ಎಳೆದಿದ್ದೇನೆ.